ಆಶಾ ಅಕ್ಕಗ ಓಣಿ ಮಾತು ಬರಬೇಕು

ಸಂಪಾದಕರಿಗೆ ಶರಣು,

ಕಲಬುರಗಿ ಗಂಜ್ ಹತ್ರ ಒಂದು ಓಣ್ಯಾಗ ನಂದು ಸಣ್ಣ ಮೆಡಿಕಲ್ ಅಂಗಡಿ ಅದ, ಇಪ್ಪತ್ತು ವರ್ಷದ ಮ್ಯಾಲಾಯ್ತು. ಮಳಿಗಾಲ ಬಂತಂದ್ರ ನಿಮ್ಮ ಪೇಪರಿನಾಗ ಡೆಂಗ್ಯೂ ಎಷ್ಟು, ಚಿಕನ್‌ಗುನ್ಯಾ ಎಷ್ಟು, ಯಾವ ಹಳ್ಳ್ಯಾಗ ವಾಂತಿ-ಭೇದಿ ಅಂತ ದಿನಾ ಬರ್ತದ, ಬರಲೇಬೇಕು, ಆದ್ರ ಆ ರೋಗ ಒಂದು ಮನಿಂದ ಬಾಜೂ ಮನಿಗಿ ಹೋಗದಂಗ ತಡಿಯೋರು ಯಾರು, ಅವರು ಬಾಗಿಲದಾಗ ನಿಂತು ಏನು ಮಾತಾಡ್ತಾರ, ಯಾವ ಭಾಷಾದಾಗ ಮಾತಾಡ್ತಾರ ಅನ್ನೋದು ಎಲ್ಲೂ ಬರಂಗಿಲ್ಲ. ಅದನ್ನ ಬರೀಬೇಕು ಅಂತ ಭಾಳ ದಿವಸದಿಂದ ಮನಸ್ಸಿನಾಗಿತ್ತು. ಪತ್ರ ಸ್ವಲ್ಪ ಉದ್ದ ಆದ್ರ ಹೊಟ್ಟ್ಯಾಗ ಹಾಕ್ಕೊಳ್ರಿ.

ನಮ್ಮ ಓಣ್ಯಾಗ ಒಬ್ಬ ಹಮಾಲಿ ಅದಾನ, ಗಂಜಿನಾಗ ತೊಗರಿ ಚೀಲ ಹೊರ್ತಾನ. ಅವ ಒಂದು ತಿಂಗಳ ತನಕ ನನ್ನ ಅಂಗಡ್ಯಾಗ ಕೆಮ್ಮಿನ ಸಿರಪ್ ಒಯ್ದ. ಧೂಳಿಂದ ಕೆಮ್ಮು ಬಂದದ ಅಂದ, ಸೀಜನ್ನಿನಾಗ ಗಂಜಿನಾಗ ಧೂಳು ಇದ್ದೇ ಇರ್ತದ, ನಾನೂ ಹೌದು ಅಂದು ಬಾಟ್ಲಿ ಕೊಟ್ಟೆ, ಎರಡನೇದು ಕೊಟ್ಟೆ, ಮೂರನೇದೂ ಕೊಟ್ಟೆ. ಎರಡು ವಾರಕ್ಕಿಂತ ಹೆಚ್ಚಿಗಿ ಕೆಮ್ಮು ಇದ್ರ ಕಫ ಪರೀಕ್ಷೆ ಮಾಡಿಸ್ರಿ ಅಂತ ನನ್ನ ಅಂಗಡಿ ಗ್ವಾಡಿಗೇ ಪೋಸ್ಟರ್ ಅಂಟಿಸಿದ್ದೆ, ಆದ್ರ ಅದನ್ನ ಬಾಯಿ ಬಿಟ್ಟು ಅವನಿಗೆ ಹೇಳ್ಲಿಲ್ಲ. ಇದು ನನ್ನ ತಪ್ಪು, ಇವತ್ತಿಗೂ ನೆನಪಾದ್ರ ಸಂಕಟ ಆಗ್ತದ.

ಅವನ ಕೆಮ್ಮು ಏನದ ಅಂತ ಗುರ್ತು ಹಿಡಿದಾಕಿ ನಮ್ಮ ಏರಿಯಾದ ಆಶಾ, ಅಂದ್ರ ಮನಿ ಮನಿಗಿ ತಿರುಗೋ ಆರೋಗ್ಯ ಕಾರ್ಯಕರ್ತೆ. ಆಕಿ ಆ ಮನಿಗಿ ಹೋಗಿದ್ದು ಟಿಬಿ ಸಲುವಾಗಿ ಅಲ್ಲ, ಅವನ ಸೊಸಿ ಬಸಿರಿದ್ಲು, ತಾಯಿ ಕಾರ್ಡಿನಾಗ ಏನೋ ಬರೀಲಿಕ್ಕ ಹೋಗಿದ್ಲು. ಒಳಗಿಂದ ಕೆಮ್ಮು ಕೇಳಿಸ್ತು. ಆಕಿನೂ ಅದೇ ಓಣ್ಯಾಗ ಹುಟ್ಟಿ ಬೆಳೆದಾಕಿ, ಮನಿ ಮಾತು ಉರ್ದುನೇ, ಎಲ್ಲಾರೂ ಆಪಾ ಅಂತಾರ, ಹಂಗಾಗಿ ಮನಿ ಯಜಮಾನತಿ ಹತ್ರ ಸೀದಾ ಅಡಗಿ ಮನ್ಯಾಗ ಕೂತು ರಾತ್ರಿ ಬೆವರು ಬರ್ತದೇನು, ಊಟ ಕಮ್ಮಿ ಆಗ್ಯಾದೇನು, ಲುಂಗಿ ಸಡ್ಲ ಆಗ್ಲಿಕತ್ತದೇನು ಅಂತ ಒಂದೊಂದೇ ಕೇಳಿ ತಿಳ್ಕೊಂಡ್ಲು. ಮರುದಿವಸ ಕಫದ ಡಬ್ಬಿ ತಂದು ಕೊಟ್ಟು, ಬೆಳಿಗ್ಗೆ ಎದ್ದ ಕೂಡ್ಲೆ ಬಾಯಿ ಮುಕ್ಕಳಿಸಿ ಎದಿ ಒಳಗಿನ ಕಫ ತೆಗೀಬೇಕು, ಬರೇ ಉಗುಳು ತುಂಬಿದ್ರ ಆಗಂಗಿಲ್ಲ ಅಂತ ತಾನೇ ಕೆಮ್ಮಿ ತೋರ್ಸಿ ಹೋದ್ಲು. ರಿಪೋರ್ಟ್ ಬಂತು, ಟಿಬಿ.

ಆಮ್ಯಾಲ ನಡೆದದ್ದೇ ಖರೆ ಕೆಲಸ. ಆ ಮನಿ ಅಂದ್ರ ಒಂದು ಕೋಲಿ, ಮುಂದ ಒಂದು ಸಣ್ಣ ಪಡಸಾಲಿ, ಎಂಟು ಮಂದಿ. ಕಿಡಕಿ ಇಲ್ಲ. ರೋಗ ಹಚ್ಚಿಕೊಳ್ಳಬಾರದು ಅಂತ ಮನ್ಯಾಗಿನವರು ಮೊದಲ ಏನು ಮಾಡಿದ್ರಂದ್ರ ಅವನ ತಾಟು ಬ್ಯಾರೆ ಮಾಡಿದ್ರು, ಲೋಟ ಬ್ಯಾರೆ ಮಾಡಿದ್ರು, ಆದ್ರ ಮಲಗೋದು ಮಾತ್ರ ಅದೇ ಬಾಗಿಲ ಹಾಕಿದ ಕೋಲ್ಯಾಗ, ಮೊಮ್ಮಕ್ಕಳ ಬಾಜೂಕ. ಆಕಿ ಬಂದು ತಾಟು ಬ್ಯಾರೆ ಮಾಡೋ ಜರೂರತ್ತಿಲ್ಲ, ಟಿಬಿ ತಾಟಿನಿಂದ ಬರಂಗಿಲ್ಲ, ಕೆಮ್ಮಿದ ಗಾಳಿಯಿಂದ ಬರ್ತದ, ಅವನ ಹಾಸಗಿ ಪಡಸಾಲಿಗಿ ತರ್ರಿ, ಬಾಗಿಲ ತೆರೆದಿಡ್ರಿ, ಕೆಮ್ಮುವಾಗ ಬಾಯಿಗಿ ಟವೆಲ್ ಹಿಡೀಬೇಕು ಅಂತ ಹೇಳಿದ್ಲು. ಔಷಧ ತಪ್ಪದಂಗ ತಗೊಂಡ್ರ ಕೆಲವು ವಾರದಾಗ ಹರಡೋದು ಭಾಳ ಕಮ್ಮಿ ಆಗ್ತದ, ಹೆದರಬ್ಯಾಡ್ರಿ ಅಂದ್ಲು. ಮಕ್ಕಳನ್ನ ಕರ್ಕೊಂಡು ಹೋಗಿ ಚೆಕ್ ಮಾಡಿಸಿದ್ಲು, ಸಣ್ಣ ಕೂಸಿಗಿ ರೋಗ ಬರಬಾರದು ಅಂತ ಮೊದಲೇ ಗುಳಗಿ ಶುರು ಮಾಡಿಸಿದ್ಲು. ಆ ಮನ್ಯಾಗ ಮಗಳ ಲಗ್ನದ ಮಾತು ನಡೆದಿತ್ತು, ಟಿಬಿ ಅಂತ ಓಣ್ಯಾಗ ಗೊತ್ತಾದ್ರ ಸಂಬಂಧ ತಪ್ಪಿ ಹೋಗ್ತದ ಅಂತ ಅವರಿಗೆ ಅದೇ ದೊಡ್ಡ ಚಿಂತಿ, ಅದಕ್ಕ ಆಕಿ ಸಂಜಿಗಿ ಬಂಧುಬಳಗದವರು ಬಂದಂಗ ಬಂದು ಚಾ ಕುಡ್ದು ಗುಳಗಿ ತಗೊಂಡಾನೇನು ಅಂತ ನೋಡಿ ಹೋಗ್ತಿದ್ಲು. ಆರು ತಿಂಗಳ ಹಿಂಗೇ. ನಾನು ಬಾಜೂಕೇ ಅಂಗಡಿ ಇಟ್ಟವ, ನನಗೂ ಆಕಿ ಬಾಯಿಂದ ಗೊತ್ತಾಗಿಲ್ಲ, ಕೋರ್ಸ್ ಮುಗಿದ ಮ್ಯಾಲ ಅವನೇ ಬಂದು ಹೇಳಿದ. ಅವನು ಒಪ್ಪಿದ ಮ್ಯಾಲೇ ಇಲ್ಲಿ ಬರೀಲಿಕತ್ತೀನಿ.

ಈಗ ಸ್ವಲ್ಪ ದೂರದ ಮಾತು ಹೇಳ್ತೀನಿ, ಯಾಕಂದ್ರ ಇದನ್ನ ಕೇಳಿದ ಮ್ಯಾಲೇ ನನಗೆ ನಮ್ಮ ಆಶಾದವರ ಕಿಮ್ಮತ್ತು ಪೂರಾ ತಿಳೀತು.

ನಮ್ಮ ತಂಗಿ, ಆಕಿ ಗಂಡ ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಫ್ರೆಸ್ನೊ ಅನ್ನೋ ಊರಾಗ ಅದಾರ. ಅಲ್ಲಿ ನಾವು ಟಿವ್ಯಾಗ ನೋಡೋ ಅಮೆರಿಕಾ ಅಲ್ಲ, ದ್ರಾಕ್ಷಿ, ಬದಾಮಿ ಹೊಲಗಳ ನಾಡು ಅದು. ಹೊಲದಾಗ ದುಡಿಯೋರು ಹೆಚ್ಚಿನವರು ಮೆಕ್ಸಿಕೋ ಕಡಿಂದ ಬಂದ ಲ್ಯಾಟಿನೋ ಮಂದಿ. ಬಾಡಗಿ ಹೆಚ್ಚು ಅಂತ ಒಂದೇ ಮನ್ಯಾಗ ಎರಡು ಮೂರು ಸಂಸಾರ, ಅಜ್ಜ-ಅಜ್ಜಿ ಜೊತಿಗೇ, ಕೆಲಸಕ್ಕ ಹೋಗೋದು ಒಂದೇ ವ್ಯಾನಿನಾಗ ಒತ್ತಿ ಕೂತು. 2020ರಾಗ ಕೋವಿಡ್ ಬಂದಾಗ ಮನ್ಯಾಗ ಕೂತು ಕಂಪ್ಯೂಟರ್ ಮುಂದ ಕೆಲಸ ಮಾಡೋ ಅನುಕೂಲ ಈ ಮಂದಿಗಿಲ್ಲ, ದ್ರಾಕ್ಷಿ ಮನಿಯಿಂದ ಕೀಳ್ಲಿಕ್ಕ ಬರಂಗಿಲ್ಲಲ್ಲ, ರಜಾ ಹಾಕಿದ್ರ ಭಾಳ ಮಂದಿಗಿ ಪಗಾರ ಇಲ್ಲ. ಕ್ಯಾಲಿಫೋರ್ನಿಯಾದ ಜನಸಂಖ್ಯೆಯೊಳಗ ಲ್ಯಾಟಿನೋ ಮಂದಿ 100ಕ್ಕ ಸುಮಾರು 39, ಆದ್ರ ಆ ವರ್ಷ ಅಲ್ಲಿ ಕೋವಿಡ್ ಬಂದವರೊಳಗ ಅರ್ಧಕ್ಕಿಂತ ಹೆಚ್ಚು ಅವರೇ ಇದ್ರು. ಅವರ ರಕ್ತದಾಗ ಏನೋ ಕಮ್ಮಿ ಅದ ಅಂತಲ್ಲ, ಅವರ ಮನಿ ಹಂಗ, ಕೆಲಸ ಹಂಗ. ಮ್ಯಾಲ ಭಾಳ ಮಂದಿ ಹತ್ರ ಪಕ್ಕಾ ಕಾಗದಪತ್ರ ಇಲ್ಲ, ದವಾಖಾನಿಗಿ ಹೋದ್ರ ಹಿಡ್ಕೊಂಡು ದೇಶದಿಂದ ಹೊರಗ ಹಾಕ್ತಾರ ಅನ್ನೋ ಭಯ.

ಆ ಮಂದ್ಯಾಗ ಕೆಲಸ ಮಾಡೋ ಹೆಣ್ಮಕ್ಕಳಿಗೆ ಸ್ಪ್ಯಾನಿಶ್‌ದಾಗ ಪ್ರೊಮೊತೋರಾ ಅಂತಾರಂತ. ನಮ್ಮ ಆಶಾ ಇದ್ದಂಗೇ. ನರ್ಸ್ ಅಲ್ಲ, ಡಾಕ್ಟರ್ ಅಲ್ಲ, ಅದೇ ಓಣಿ ಹೆಣ್ಮಗಳು, ಟ್ರೇನಿಂಗ್ ತಗೊಂಡಾಕಿ. ಈ ಪದ್ಧತಿ ಮೊದಲ ಬೆಳೆದದ್ದು ಲ್ಯಾಟಿನ್ ಅಮೆರಿಕಾದ ಹಳ್ಳಿಗಳಾಗ, ವಲಸಿ ಹೋದ ಮಂದಿ ಜೊತಿಗಿ ಅದೂ ಅಮೆರಿಕಾಕ್ಕ ಬಂದದ. ಅವರು ಹೊಲದ ಬದುವಿಗಿ ಹೋಗ್ತಾರ, ಚರ್ಚಿಗಿ ಹೋಗ್ತಾರ, ದುಡ್ಡು ಹಾಕಿ ಅರಿವಿ ಒಗಿಯೋ ಮಷೀನ್ ಅಂಗಡಿ ಇರ್ತಾವಂತಲ್ಲ, ಅಲ್ಲಿ ಅರಿವಿ ಒಣಗೋ ತನಕ ಕಾಯ್ಕೋತ ಕೂತ ಹೆಣ್ಮಕ್ಕಳ ಹತ್ರ ಕೂತು ಮಾತಾಡ್ತಾರ. ಯಾರದರೆ ಮನ್ಯಾಗ ಅಡಗಿ ಮನ್ಯಾಗೇ ಹತ್ತು ಮಂದಿ ಸೇರ್ಸಿ ಹರಟಿ ಹೊಡ್ದಂಗ ಹೇಳ್ತಾರ, ಅದಕ್ಕೂ ಅವರಲ್ಲಿ ಒಂದು ಹೆಸರದ, ಪ್ಲಾಟಿಕಾ ಅಂತ. ಹತ್ತು ಮಂದಿ ಇರೋ ಮನ್ಯಾಗ ಒಬ್ಬರಿಗಿ ಕೋವಿಡ್ ಬಂದ್ರ ಬ್ಯಾರೆ ಕೋಣ್ಯಾಗ ಇರ್ರಿ ಅಂತ ಸರಕಾರ ಹೇಳ್ತದ, ಬ್ಯಾರೆ ಕೋಣಿ ಎಲ್ಲದ? ಪ್ರೊಮೊತೋರಾ ಆ ಮನಿ ನೋಡಿ ಯಾರು ಎಲ್ಲಿ ಮಲಗಬೇಕು, ಅಜ್ಜಿನ್ನ ಯಾವ ಕಡಿ ಮಲಗಿಸ್ಬೇಕು, ಯಾವ ಕಿಡಕಿ ತೆರೀಬೇಕು, ಬಚ್ಚಲ ಮೊದಲ ಯಾರು ಬಳಸ್ಬೇಕು ಇಷ್ಟು ಸಣ್ಣದು ಕೂತು ಲೆಕ್ಕ ಹಾಕಿ ಕೊಡ್ತಿದ್ಲಂತ, ಮನ್ಯಾಗ ಕೂತವರಿಗಿ ರೇಷನ್ ಮುಟ್ಟಿಸ್ತಿದ್ಲು, ಲಸಿಕಿ ಬಂದಾಗ ಇಂಗ್ಲಿಷ್ ವೆಬ್‌ಸೈಟಿನಾಗ ಅವರ ಹೆಸರು ತಾನೇ ಹಾಕಿ ಕೊಡ್ತಿದ್ಲು.

ತಂಗಿ ಹೇಳಿದ್ದರಾಗ ಇನ್ನೊಂದು ಮಾತು ನನ್ನ ಮನಸ್ಸಿಗಿ ಭಾಳ ನಾಟ್ಯಾದ. ಅಲ್ಲಿ ಆರೋಗ್ಯ ಇಲಾಖಿಯವರು ಇಂಗ್ಲಿಷಿನ ಜೊತಿಗಿ ಸ್ಪ್ಯಾನಿಶ್‌ದಾಗೂ ಕರಪತ್ರ ಹಂಚ್ತಾರ, ಆದ್ರ ಮೆಕ್ಸಿಕೋದ ವಹಾಕಾ ಅನ್ನೋ ರಾಜ್ಯದ ಕಡಿಂದ ಬಂದ ಮಂದಿಯೊಳಗ ಕೆಲವರಿಗಿ ಸ್ಪ್ಯಾನಿಶೂ ಸರಿ ಬರಂಗಿಲ್ಲ. ಅವರ ಮನಿ ಮಾತು ಮಿಸ್ತೆಕೊ, ಅದನ್ನ ಮಾತಾಡ್ತಾರ, ಓದೋದು ಬರಿಯೋದು ಕಮ್ಮಿ. ಅವರಿಗಿ ಸ್ಪ್ಯಾನಿಶ್ ಕರಪತ್ರ ಕೊಟ್ಟು ಕೆಲಸ ಆತು ಅಂದ್ರ ಹೆಂಗ? ಅದಕ್ಕ ಅವರಿಗಿ ಅವರ ಮಾತಿನ ಹೆಣ್ಮಗಳನ್ನೇ ಹುಡುಕಬೇಕಾಯ್ತು, ರೇಡಿಯೋದಾಗ ಅವರ ಮಾತಿನಾಗೇ ಹೇಳಬೇಕಾಯ್ತು.

ಇದನ್ನ ಕೇಳಿದಾಗ ನನಗ ನೆನಪಾದದ್ದು ನಮ್ಮ ತಾಂಡಾಗಳು. ಚಿಂಚೋಳಿ, ಕಾಳಗಿ, ಚಿತ್ತಾಪುರ ಕಡಿ ಎಷ್ಟು ತಾಂಡಾ ಅದಾವ, ಯಾದಗಿರಿ ಕಡಿ ಎಷ್ಟದಾವ. ಮನಿ ಮಾತು ಲಂಬಾಣಿ, ಅದಕ್ಕ ಸ್ವಂತ ಲಿಪಿ ಇಲ್ಲ. ಸಾಲಿಗಿ ಹೋದ ಹುಡುಗರು ಕನ್ನಡ ಓದ್ತಾರ, ಆದ್ರ ಮನ್ಯಾಗ ನೀರು ತುಂಬಿಡಾಕಿ, ಕೂಸು ನೋಡ್ಕೊಳ್ಳಾಕಿ ಯಾಡಿ, ಅಂದ್ರ ತಾಯಿ, ಅಜ್ಜಿ. ಅವರ ಹತ್ರ ಕನ್ನಡ ಕರಪತ್ರ ಕೊಟ್ಟು ಬಂದ್ರ ಅದು ರೊಟ್ಟಿ ಕಟ್ಟಲಿಕ್ಕ ಉಪಯೋಗ ಆಗ್ತದ. ಆಶಾ ಅಂದ್ರ ಅದೇ ಊರಾಕಿ ಇರಬೇಕು ಅಂತ ನಿಯಮದಾಗೇ ಅದ, ಸುಮಾರು 1000 ಜನಕ್ಕೊಬ್ಬಾಕಿ ಅಂತ 2005ರಾಗ ಶುರು ಆದಾಗಿಂದ ಲೆಕ್ಕ. ಆದ್ರ ತಾಂಡಾ ಸಣ್ಣದು, ಪಂಚಾಯ್ತಿ ಲೆಕ್ಕದಾಗ ದೊಡ್ಡ ಊರಿಗಿ ಅಂಟಿಕೊಂಡಿರ್ತದ, ಆಶಾ ಆ ದೊಡ್ಡ ಊರಾಕಿ. ಆಕಿ ಎಷ್ಟೇ ಒಳ್ಳೇಕಿ ಇದ್ರೂ ಬಾಗಿಲದಾಗ ನಿಂತು ಕೇಳಿ ಬರ್ತಾಳ, ಅಡಗಿ ಮನಿ ತನಕ ಹೋಗಂಗಿಲ್ಲ. 2023ರ ಜನವರಿಯಾಗ ಮಳಖೇಡದಾಗ ಪ್ರಧಾನಿ ಬಂದು ತಾಂಡಾದವರಿಗಿ ಹಕ್ಕುಪತ್ರ ಕೊಟ್ರು, ತಾಂಡಾಗಳು ಕಂದಾಯ ಗ್ರಾಮ ಆದ್ವು. ಭಾಳ ಒಳ್ಳೇದಾಯ್ತು. ಕಾಗದದ ಮ್ಯಾಲ ಊರು ಆದ ಮ್ಯಾಲ ಆ ಊರಿಗಿ ಆ ಊರಿನ ಮಾತಿನ ಆಶಾನೂ ಬೇಕಲ್ರಿ?

ತಾಂಡಾದ ಇನ್ನೊಂದು ತ್ರಾಸು ವಲಸಿ. ದೀಪಾವಳಿ ಮುಗೀತಂದ್ರ ಗಂಡ-ಹೆಂಡ್ತಿ-ಕೂಸು ಎಲ್ಲಾರೂ ಪುಣೆ, ಮುಂಬೈ, ಹೈದರಾಬಾದ್, ಇಲ್ಲಂದ್ರ ಮಹಾರಾಷ್ಟ್ರದಾಗ ಕಬ್ಬು ಕಡೀಲಿಕ್ಕ. ಹೋಳಿ ಹಬ್ಬಕ್ಕ ಮರಳಿ ಬರ್ತಾರ. ಗೊಬ್ಬರ ಅಂತೀವಲ್ಲ, ದಡಾರ, ಅದರ ಲಸಿಕಿ ಮೊದಲನೇದು 9 ತಿಂಗಳಿಗಿ, ಎರಡನೇದು 16ರಿಂದ 24 ತಿಂಗಳ ಒಳಗ. ಎರಡನೇದು ಹಾಕೋ ಹೊತ್ತಿಗಿ ಕೂಸು ಯಾವುದೋ ಬಿಲ್ಡಿಂಗ್ ಸೈಟಿನಾಗ ಇರ್ತದ. ದಡಾರ ಎಷ್ಟು ಜೋರ್ ಹರಡ್ತದ ಅಂದ್ರ ಲಸಿಕಿ ಇಲ್ಲದ ಮಂದ್ಯಾಗ ಒಂದು ಕೂಸಿನಿಂದ 12ರಿಂದ 18 ಮಂದಿಗಿ ಹೋಗ್ತದ ಅಂತಾರ. 2022ರಾಗ ಮುಂಬೈದ ಗೋವಂಡಿ ಕಡಿ ದಡಾರ ಎದ್ದಿತ್ತು, ಮಕ್ಕಳು ಸತ್ವು, ಲಸಿಕಿ ಆಗದ ಮಕ್ಕಳೇ ಹೆಚ್ಚು. ಇಂಥಾ ಓಣಿಗಳಾಗೇ ನಮ್ಮ ಕಡಿ ಮಂದಿ ಹೋಗಿ ಇರ್ತಾರ. ದೀಪಾವಳಿಕಿಂತ ಮೊದಲ ತಾಂಡಾದ ಆಶಾ ಮನಿ ಮನಿ ತಿರುಗಿ ಯಾರ ಕೂಸಿಗಿ ಯಾವ ಲಸಿಕಿ ಬಾಕಿ ಅದ ಅಂತ ಪಟ್ಟಿ ಮಾಡಿ, ಹೋಗೋ ಮೊದಲೇ ಹಾಕಲಿಕ್ಕ ಬರೋದು ಹಾಕ್ಸಿ, ತಾಯಿ ಕಾರ್ಡ್ ಗಂಟಿನಾಗ ಕಟ್ಟಿ ಕಳಿಸಿದ್ರ, ಹೋಳಿ ಹಬ್ಬಕ್ಕ ಬಂದಾಗ ಮತ್ತೊಮ್ಮೆ ನೋಡಿದ್ರ ಅರ್ಧ ಕೆಲಸ ಆತು. ಆದ್ರ ಹಿಂಗ ತಿರುಗೋದಕ್ಕ ಆಕಿಗಿ ದಿನ ಬೇಕು, ಆ ದಿನಕ್ಕ ರೊಕ್ಕ ಬೇಕು.

ಡೆಂಗ್ಯೂದ ಮಾತಿಗಿ ಬರ್ತೀನಿ. 2024ರ ಸೆಪ್ಟೆಂಬರಿನಾಗ ಸರಕಾರ ಡೆಂಗ್ಯೂನ್ನ ಸಾಂಕ್ರಾಮಿಕ ರೋಗ ಅಂತ ಸಾರಿ, ನೀರು ನಿಲ್ಲಿಸಿದ ಮನಿಗಿ ಸಿಟ್ಯಾಗ 400, ಹಳ್ಳ್ಯಾಗ 200 ದಂಡ ಅಂತ ಮಾಡ್ತು. ದೊಡ್ಡ ದೊಡ್ಡ ಬಿಲ್ಡಿಂಗ್ ಕಟ್ಟೋರಿಗಿ ದಂಡ ಹಾಕ್ರಿ, ನಂದೇನೂ ತಕರಾರಿಲ್ಲ. ಆದ್ರ ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ನೀರು ಬರೋ ಓಣ್ಯಾಗ ಮಂದಿ ಡ್ರಮ್ಮಿನಾಗ, ರಂಜಣಗ್ಯಾಗ ನೀರು ತುಂಬದೇ ಏನು ಮಾಡಬೇಕ್ರಿ? ಡ್ರಮ್ ಚೆಲ್ಲ್ರಿ ಅಂದ್ರ ಅವರು ಕುಡಿಯೋದೇನು? ಇಲ್ಲಿಯೂ ಆಶಾನೇ ಬೇಕು. ನಮ್ಮ ಆಪಾ ಬ್ಯಾಟ್ರಿ ಹಾಕಿ ಡ್ರಮ್ಮಿನ ಒಳಗ ಹುಳ ತೋರಿಸ್ತಾಳ, ಇವೇ ನೋಡ್ರಿ ನಾಳಿಗಿ ಸೊಳ್ಳಿ ಆಗೋವು, ಡೆಂಗ್ಯೂ ಸೊಳ್ಳಿ ಹಗಲೊತ್ತಿನಾಗೇ ಕಡೀತದ, ಗಟಾರದಾಗ ಅಲ್ಲ ನಿಮ್ಮ ಈ ಸ್ವಚ್ಛ ನೀರಿನಾಗೇ ತತ್ತಿ ಇಡ್ತದ ಅಂತ. ತತ್ತಿ ಡ್ರಮ್ಮಿನ ಗ್ವಾಡಿಗಿ ಅಂಟಿರ್ತಾವ, ನೀರು ಹೋದ್ರೂ ತಿಂಗಳಗಟ್ಟಲೆ ಬದುಕ್ತಾವ, ಮತ್ತ ನೀರು ತುಂಬಿದ್ರ ಎದ್ದು ಬರ್ತಾವ, ಅದಕ್ಕ ಬರೇ ನೀರು ಖಾಲಿ ಮಾಡಿದ್ರ ಆಗಂಗಿಲ್ಲ, ವಾರಕ್ಕೊಮ್ಮೆ ನಾರು ಹಚ್ಚಿ ಒಳಗ ತಿಕ್ಕಬೇಕು, ಮ್ಯಾಲ ಹಳೇ ಸೀರಿ ಬಿಗಿ ಕಟ್ಟಬೇಕು. ಇನ್ನೊಂದು ನಮ್ಮ ಕಲಬುರಗಿ ಸಮಸ್ಯಾ ಅಂದ್ರ ಕೂಲರ್. ಮೇ ತಿಂಗಳ ಬಿಸಿಲಿಗಿ ಬಡವರ ಮನ್ಯಾಗೂ ಒಂದು ಕೂಲರ್ ಇರ್ತದ, ಜೂನ್‌ನಾಗ ಮಳಿ ಬಿದ್ದ ಕೂಡ್ಲೆ ಬಂದ್ ಮಾಡಿ ತಳದಾಗ ನೀರು ಹಂಗೇ ಬಿಡ್ತಾರ. ಅದನ್ನ ನೆನಪ ಮಾಡಿ ಖಾಲಿ ಮಾಡಿಸೋದು ಯಾವ ಆಫೀಸರ್ ಕೈಲೂ ಆಗಂಗಿಲ್ಲ, ಓಣ್ಯಾಗ ದಿನಾ ಓಡಾಡಾಕಿಗೇ ಆಗ್ತದ.

ಮಂದಿ ಬಾಗಿಲ ತೆರೀತಾರ ಅನ್ನೋದೇ ದೊಡ್ಡ ಮಾತು. ದೇಶದಾಗ ಕೋವಿಡ್‌ನಿಂದ ಮೊದಲನೇ ಸಾವು ಆದದ್ದು ನಮ್ಮೂರವರದೇ, 2020ರ ಮಾರ್ಚ್ 10ಕ್ಕ. ಆ ದಿವಸ ಊರಾಗ ಯಾವ ಭಯ ಇತ್ತು ಅಂತ ನಾನು ಹೇಳಬೇಕಾಗಿಲ್ಲ. ಮನಿ ಮನಿ ಸರ್ವೆಗೆ ಆಶಾದವರು ಬಂದಾಗ ಕೆಲವರು ಪೌರತ್ವದ ಕಾಗದಪತ್ರ ಕೇಳ್ಲಿಕ್ಕ ಬಂದಾರ ಅಂತ ತಿಳ್ಕೊಂಡು ಬಾಗಿಲ ಹಾಕಿದ್ರು. ನೋಡ್ರಿ, ಫ್ರೆಸ್ನೊದಾಗ ಹೆದರಿದ್ದೂ ಅದಕ್ಕೇ, ನಮ್ಮ ಓಣ್ಯಾಗ ಹೆದರಿದ್ದೂ ಅದಕ್ಕೇ. ಆ ಬಾಗಿಲ ತೆರೆದದ್ದು ಪೊಲೀಸರಿಗಿ ಅಲ್ಲ, ಆಪಾಗ, ಯಾಕಂದ್ರ ಆಕಿ ಅವರ ಮಗಳ ಬಾಣಂತನಕ್ಕ ರಾತ್ರಿ ಎರಡು ಗಂಟೆಗಿ ದವಾಖಾನಿಗಿ ಜೊತಿಗಿ ಬಂದಿದ್ಲು.

2022ರ ಮೇ ತಿಂಗಳಾಗ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಡ್ತು. ಖುಷಿ ಆಯ್ತು. ಅದೇ ಆಶಾದವರು 2025ರ ಜನವರಿಯಾಗ ಬೆಂಗಳೂರಿನ ಫ್ರೀಡಂ ಪಾರ್ಕಿನಾಗ ಚಳಿಯಾಗ ಹಗಲು-ರಾತ್ರಿ ಕೂತಿದ್ರು, ನಮ್ಮ ಕಡಿಂದೂ ಹೋಗಿದ್ರು, ಹತ್ತಾರು ತಾಸು ಪ್ರಯಾಣ. ತಿಂಗಳಿಗೆ ಕನಿಷ್ಠ 10,000 ಸಿಗೋ ಹಂಗ ಮಾಡ್ತೀವಿ ಅಂತ ಸರಕಾರ ಮಾತು ಕೊಟ್ಟ ಮ್ಯಾಲ ಎದ್ದು ಬಂದ್ರು, ಅದೇ ಮಾತಿನ ಸಲುವಾಗಿ ಆಮ್ಯಾಲ ಮತ್ತ ಬೀದಿಗಿ ಬರಬೇಕಾಯ್ತು. ಇವರಿಗಿ ಪಗಾರ ಅಂತ ಇಲ್ಲ, ಗೌರವಧನ, ಮ್ಯಾಲ ಒಂದೊಂದು ಕೆಲಸಕ್ಕ ಇಷ್ಟಿಷ್ಟು ಅಂತ ಪ್ರೋತ್ಸಾಹಧನ, ಪೋರ್ಟಲಿನಾಗ ಎಂಟ್ರಿ ಆಗ್ಲಿಲ್ಲಂದ್ರ ಆ ರೊಕ್ಕನೂ ಇಲ್ಲ. ಹಮಾಲಿ ಮನ್ಯಾಗ ಚಾ ಕುಡ್ದು ಕೂತ ಆ ಸಂಜಿಗಳು ಯಾವ ಪೋರ್ಟಲಿನಾಗ ಎಂಟ್ರಿ ಆಗ್ತಾವ? ಆ ಹಾಸಗಿ ಪಡಸಾಲಿಗಿ ತಂದದ್ದಕ್ಕ ಯಾವ ಕಾಲಮ್ ಅದ? ಅಮೆರಿಕಾದಾಗೂ ಇದೇ ಗೋಳು ಅಂತ ತಂಗಿ ಹೇಳ್ತಾಳ, ಯಾವುದೋ ಗ್ರ್ಯಾಂಟ್ ಬಂದ ತನಕ ಪ್ರೊಮೊತೋರಾ ಬೇಕು, ಗ್ರ್ಯಾಂಟ್ ಮುಗೀತಂದ್ರ ಮನಿಗಿ ಹೋಗು, ಮತ್ತ ರೋಗ ಬಂದಾಗ ಕರೀತೀವಿ.

ನಾನು ಕೇಳೋದು ಇಷ್ಟೇ. ಕಲ್ಯಾಣ ಕರ್ನಾಟಕಕ್ಕ ಅಂತ ಬ್ಯಾರೆ ಮಂಡಳಿ ಅದ, ಬ್ಯಾರೆ ಅನುದಾನ ಅದ. ಅದರಾಗ ಸ್ವಲ್ಪ ತೆಗೆದು ಕಲಬುರಗಿ, ಯಾದಗಿರಿ, ಬೀದರದ ತಾಂಡಾಗಳಿಗೆ ಲಂಬಾಣಿ ಬಲ್ಲ ಆಶಾ, ಸಿಟಿ ಓಣಿಗಳಿಗೆ ಉರ್ದು ಬಲ್ಲ ಆಶಾ, ಗಡಿ ಊರುಗಳಿಗೆ ಮರಾಠಿ, ತೆಲುಗು ಬಲ್ಲ ಆಶಾ ಅಂತ ನೋಡಿ ನೇಮಿಸ್ರಿ, ಈಗಾಗ್ಲೇ ಇರೋರನ್ನ ತೆಗೀಬ್ಯಾಡ್ರಿ, ಅವರ ಜೊತಿಗಿ ಸೇರ್ಸ್ರಿ. ಮನಿ ಒಳಗ ಕೂತು ಮಾತಾಡಿದ ಹೊತ್ತಿಗೂ ರೊಕ್ಕ ಕೊಡ್ರಿ. ಸಂಬಂಧ ಇಲ್ಲದ ಸರ್ವೆ ಕೆಲಸ ಅವರ ತಲಿ ಮ್ಯಾಲ ಹಾಕೋದು ಬಿಡ್ರಿ. ನಮ್ಮಂಥಾ ಅಂಗಡಿಯವರನ್ನೂ ಬಿಡಬ್ಯಾಡ್ರಿ, ಟಿಬಿ ಔಷಧ ಯಾರಿಗಿ ಮಾರಿದ್ವಿ ಅಂತ ನಾವು ರಿಜಿಸ್ಟರ್ ಬರೀಬೇಕು, 2018ರಿಂದ ಸರಕಾರಕ್ಕ ತಿಳಿಸಲೂ ಬೇಕು, ಆದ್ರ ಟಿಬಿ ಔಷಧ ಕೇಳ್ಕೊಂಡು ಬರೋ ಮೊದಲೇ ರೋಗಿ ನಮ್ಮ ಹತ್ರ ಸಿರಪ್ ಕೇಳ್ಕೊಂಡು ಬಂದಿರ್ತಾನ. ಪ್ರತಿ ಅಂಗಡಿಯವ ತನ್ನ ಏರಿಯಾ ಆಶಾದಾಕಿ ಫೋನ್ ನಂಬರ್ ಇಟ್ಟುಕೊಂಡು, ಎರಡನೇ ಬಾಟ್ಲಿ ಕೇಳಿದವನ ಎದುರೇ ಆಕಿಗಿ ಫೋನ್ ಹಚ್ಚಿ ಕೊಟ್ರ ಎಷ್ಟೋ ಮನಿ ಉಳೀತಾವ. ನಾನು ಈಗ ಅದನ್ನೇ ಮಾಡ್ಲಿಕತ್ತೀನಿ. ಟಿಬಿ ಇದ್ದವರಿಗಿ ಪೌಷ್ಟಿಕ ಊಟಕ್ಕ ಅಂತ ಸರಕಾರ ಕೊಡೋ ರೊಕ್ಕ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ಆಗ್ಯಾದ ಅನ್ನೋದನ್ನೂ ಹೇಳ್ತೀನಿ, ಭಾಳ ಮಂದಿಗಿ ಗೊತ್ತೇ ಇಲ್ಲ.

ಆ ಹಮಾಲಿ ಈಗ ಮತ್ತ ಗಂಜಿಗಿ ಹೊಂಟಾನ. ಸೊಸಿಗಿ ಗಂಡು ಹುಟ್ಯಾದ, ಕೂಸಿಗಿ 9 ತಿಂಗಳ ಲಸಿಕಿ ಆಯ್ತು. ಆಪಾ ಮೊನ್ನೆ ಅಂಗಡಿ ಮುಂದ ಹಾದು ಹೋಗುವಾಗ ಎರಡನೇ ಡೋಸ್ ಯಾವಾಗ ಅಂತ ಆ ಮನಿಯವರಿಗಿ ನೆನಪ ಮಾಡಿ ಹೋದ್ಲು.

ಇಂತಿ ನಿಮ್ಮ ಓದುಗ,
ಒಬ್ಬ ಮೆಡಿಕಲ್ ಅಂಗಡಿಯವ, ಕಲಬುರಗಿ